20 ಇಂಚಿನ ಚಂದ, 18 ಇಂಚಿನ ಉಪಕಾರ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಚಿತ್ರ ಬಂದಿತ್ತು. ಕಡಲ ತೀರದ ಮರಳಲ್ಲಿ ಕಪ್ಪು ಬಣ್ಣದ ದುಬಾರಿ ಎಸ್‌ಯುವಿಯೊಂದು ಹೊಟ್ಟೆವರೆಗೆ ಹೂತು ಕೂತಿದೆ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದಾರೆ. ಸುತ್ತ ಐವತ್ತು ಜನ, ಐವತ್ತು ಮೊಬೈಲು. ಎರಡು ದಿನ ಬಿಟ್ಟು ಓದುಗರೊಬ್ಬರು ಪತ್ರ ಬರೆದರು. ಅಷ್ಟು ದುಡ್ಡಿನ ಗಾಡಿ ಹತ್ತು ಮೀಟರ್ ಮರಳು ದಾಟಲಿಲ್ಲ, ಇಂಥವು ಮದುವೆ ಹಾಲ್‌ನ ಎದುರು ನಿಲ್ಲಿಸಲಿಕ್ಕೆ ಮಾತ್ರ ಲಾಯಕ್ಕು ಎಂದು ತಮಾಷೆ ಮಾಡಿದ್ದರು.

ತಮಾಷೆಗೆ ನಾನೂ ನಕ್ಕೆ. ಆದರೆ ಎಲ್ಲರೂ ಗಾಡಿ ನೋಡುವಾಗ ನನ್ನ ಕಣ್ಣು ಹೋದದ್ದು ಚಕ್ರಕ್ಕೆ. ಮದುವೆ ಅಡುಗೆಯ ಕೊಪ್ಪರಿಗೆ ಮುಚ್ಚಳದಷ್ಟು ದೊಡ್ಡ ರಿಮ್. ಅದರ ಸುತ್ತ ನೀರುದೋಸೆಯ ಹಾಗೆ ಒಂದು ತೆಳು ಟೈರ್. ಅದೂ ರಸ್ತೆಯಲ್ಲಿ ಓಡುವಾಗಿನ ಗಾಳಿಯನ್ನೇ ತುಂಬಿಕೊಂಡು ಬಿಗಿಯಾಗಿದ್ದಂತೆ ಕಂಡಿತು. ಪಾಪ, ಗಾಡಿ ಎಂತ ಮಾಡಬೇಕು?

ಇದನ್ನು ಬರೆಯಲು ಕಾರಣ ಉಂಟು. ಅದೇ ಜಾತಿಯ ಗಾಡಿ ನನ್ನ ಹತ್ತಿರವೂ ಇದೆ. ಹೆಬ್ರಿ ಸಮೀಪ ನನ್ನ ತೋಟ. ಡಾಂಬರು ರಸ್ತೆಯಿಂದ ಮನೆಗೆ ಎರಡೂವರೆ ಕಿಲೋಮೀಟರ್. ಮೊದಲ ಅರ್ಧ ಕಿಲೋಮೀಟರ್ ಪಂಚಾಯತ್ ಕಾಂಕ್ರೀಟು. ಆಮೇಲೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆ. ಗುಡ್ಡೆ ಇಳಿದರೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ತೋಡು ದಾಟಿದರೆ ರಬ್ಬರ್ ತೋಟದ ಬದಿಯಲ್ಲಿ ಜೇಡಿಮಣ್ಣಿನ ಏರು. ಆ ಏರಿನ ತುದಿಯಲ್ಲಿ ಮನೆ. ಅಲ್ಲಿ 81 ವರ್ಷದ ಅಮ್ಮ, ಹೆಂಡತಿ, ನಾನು, ಎರಡು ದನ, ಲೆಕ್ಕಕ್ಕೆ ಸಿಗದಷ್ಟು ಕೋಳಿ.

ಇಂಥ ದಾರಿಗೆ ಜೀಪು ಸಾಕಲ್ವಾ ಎಂದು ಎಲ್ಲರೂ ಕೇಳುತ್ತಾರೆ. ನೆರೆಮನೆಯವರ ಹತ್ತಿರ ಜೀಪು ಇದೆ, ಅದು ಹತ್ತದ ಗುಡ್ಡೆ ಇಲ್ಲ. ಆದರೆ ಅಮ್ಮನ ಸೊಂಟಕ್ಕೆ ಜೀಪು ಆಗುವುದಿಲ್ಲ. ತಿಂಗಳಿಗೆ ಎರಡು ಸಲ ಮಣಿಪಾಲಕ್ಕೆ ಚೆಕಪ್‌ಗೆ ಹೋಗಬೇಕು, ಒಂದು ಕಡೆಗೆ ಸುಮಾರು 30 ಕಿಲೋಮೀಟರ್. ನಾನು ಕುವೈತ್‌ನಲ್ಲಿ 19 ವರ್ಷ ವಾಹನ ಬಿಡಿಭಾಗಗಳ ಸ್ಟೋರಿನಲ್ಲಿ ದುಡಿದವ. ಊರಿಗೆ ಬಂದ ಮೇಲೆ ಒಂದು ಆಸೆ ಇತ್ತು. ಉಳಿಸಿದ ದುಡ್ಡಲ್ಲಿ 2015ರ ಮಾದರಿಯ ಜರ್ಮನ್ ಎಸ್‌ಯುವಿಯೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡೆ. ಡೀಸೆಲ್, ನಾಲ್ಕೂ ಚಕ್ರಕ್ಕೆ ಎಳೆತ. ಕಂಪನಿಯ ಹೆಸರು ಇಲ್ಲಿ ಬೇಡ. ಸೀಟು ಮಾತ್ರ ಸೋಫಾದ ಹಾಗೆ. ಅಮ್ಮ ಮೊದಲ ದಿನ ಕೂತು, "ಇದರಲ್ಲಿ ನಿದ್ದೆ ಬರ್ತದೆ ಮಗ" ಎಂದರು. ನನಗೆ ಅಷ್ಟು ಸಾಕಿತ್ತು.

ಸಮಸ್ಯೆ ಇದ್ದದ್ದು ಕೆಳಗೆ. ಮೊದಲಿನ ಮಾಲೀಕರು ಗಾಡಿ ಚಂದ ಕಾಣಲೆಂದು 20 ಇಂಚಿನ ರಿಮ್ ಇರುವ ಮಾದರಿ ಆರಿಸಿದ್ದರು. ಟೈರಿನ ಅಳತೆ ಮುಂದೆ 275/40 ಆರ್20, ಹಿಂದೆ 315/35 ಆರ್20. ಹಿಂದಿನ ಟೈರ್ ಮುಂದಿನದಕ್ಕಿಂತ ನಾಲ್ಕು ಸೆಂಟಿಮೀಟರ್ ಅಗಲ. ಹೆದ್ದಾರಿಯಲ್ಲಿ ರಸ್ತೆಗೆ ಅಂಟಿಕೊಂಡು ಹೋಗುತ್ತಿತ್ತು, ಸುಳ್ಳು ಹೇಳಬಾರದು. ಪಡುಬಿದ್ರಿ ದಾಟಿ ಮಂಗಳೂರಿನ ಕಡೆಗೆ ಹೊರಟರೆ ಮತ್ತೆ ನಿಲ್ಲಿಸುವ ಮನಸ್ಸೇ ಬರುತ್ತಿರಲಿಲ್ಲ.

ಕಳೆದ ವರ್ಷ ಆಟಿ ತಿಂಗಳು, ಜೋರು ಮಳೆಯ ಕಾಲ. ಚೆಕಪ್ ಮುಗಿಸಿ ಮಣಿಪಾಲದಿಂದ ವಾಪಸ್ ಬರುತ್ತಿದ್ದೆವು. ಸಂಜೆ 6 ಗಂಟೆ, ಮಳೆ ಹನಿ ಕಡಿದಿರಲಿಲ್ಲ. ಗುಡ್ಡೆಯಲ್ಲಿ ಒಂದು ಕಡೆ ಮುರಕಲ್ಲು ಮೆಟ್ಟಿಲಿನ ಹಾಗೆ ಎದ್ದಿದೆ. ಬೇಸಿಗೆಯಲ್ಲಿ ಅದರ ಪಕ್ಕ ಮಣ್ಣು ತುಂಬಿರುತ್ತದೆ, ಮಳೆಗೆ ಮಣ್ಣು ಕೊಚ್ಚಿ ಹೋಗಿ ಕಲ್ಲಿನ ಅಂಚು ಕತ್ತಿಯ ಹಾಗೆ ನಿಂತಿತ್ತು. ನಡೆದಷ್ಟೇ ನಿಧಾನವಾಗಿ ಹೋಗುತ್ತಿದ್ದೆ. ಎಡಗಡೆಯ ಹಿಂದಿನ ಚಕ್ರ ಅದರ ಮೇಲಿಂದ ಇಳಿಯಿತು. ಟೈರ್ ಒಡೆದ ಸದ್ದಲ್ಲ ಅದು. ಹಿತ್ತಾಳೆ ಹಂಡೆ ಬಾವಿಕಟ್ಟೆಗೆ ಬಡಿದ ಹಾಗೆ ಖಣ್ ಎಂದಿತು. ಅಮ್ಮ ಕಣ್ಣು ಬಿಟ್ಟು, "ಎಂತದು ಮಗ, ಪಾತ್ರೆ ಬಿತ್ತಾ?" ಎಂದರು.

ಇಳಿದು ಟಾರ್ಚ್ ಹಾಕಿ ನೋಡಿದೆ. ರಿಮ್‌ನ ಅಂಚು ಹೆಬ್ಬೆರಳಿನಷ್ಟು ಒಳಗೆ ಮಡಚಿತ್ತು. ಟೈರಿನ ಬದಿಯಲ್ಲಿ ನಾಲ್ಕು ಬೆರಳಗಲ ಸೀಳು, ಒಳಗಿನ ನೂಲು ಕಾಣುತ್ತಿತ್ತು. ಅದು ರನ್‌ಫ್ಲ್ಯಾಟ್ ಟೈರ್. ಅಂದರೆ ಗಾಳಿ ಹೋದರೂ ಗಟ್ಟಿ ಬದಿಯ ಮೇಲೆಯೇ ನಿಂತು, 80ರ ವೇಗ ಮೀರದಿದ್ದರೆ, ಇನ್ನೂ ಸುಮಾರು 80 ಕಿಲೋಮೀಟರ್ ಓಡಬೇಕು. ಆಣಿ ಚುಚ್ಚಿದ್ದರೆ ಓಡುತ್ತಿತ್ತೋ ಏನೋ. ಬದಿಯೇ ಹರಿದ ಮೇಲೆ ಯಾವುದರ ಮೇಲೆ ನಿಲ್ಲುವುದು? ಡಿಕ್ಕಿ ತೆರೆದರೆ ಸ್ಟೆಪ್ನಿ ಇಲ್ಲ. ರನ್‌ಫ್ಲ್ಯಾಟ್ ಇದೆ ಎಂಬ ಧೈರ್ಯದಲ್ಲಿ ಕಂಪನಿ ಸ್ಟೆಪ್ನಿಯನ್ನೇ ಕೊಟ್ಟಿರಲಿಲ್ಲ. ಕೊಟ್ಟಿದ್ದರೂ ಅರ್ಧ ಉಪಯೋಗ ಅಷ್ಟೇ, ಮುಂದಿನ ಅಳತೆ ಹಿಂದಕ್ಕೆ ಆಗುವುದಿಲ್ಲವಲ್ಲ.

ಅಮ್ಮನನ್ನು ನೆರೆಮನೆಯ ಜೀಪಿನಲ್ಲೇ ಮನೆಗೆ ಮುಟ್ಟಿಸಿದೆವು. ಜೀಪಿನವರು ಒಂದು ಮಾತೂ ಆಡಲಿಲ್ಲ. ನಕ್ಕಿದ್ದರೆ ಸಮಾಧಾನವಾಗುತ್ತಿತ್ತು! ಶೋರೂಮಿಗೆ ಫೋನ್ ಮಾಡಿದರೆ, ಆ ಅಳತೆಯ ಟೈರ್ ಸ್ಟಾಕಿಲ್ಲ, ತರಿಸಬೇಕು ಎಂದರು. ರಿಮ್ ಬೇರೆ ತರಿಸಬೇಕು. ಗುಡ್ಡೆಯ ಮೇಲೆ 11 ದಿನ ಗಾಡಿ ಟಾರ್ಪಾಲು ಹೊದ್ದು ನಿಂತಿತು. ದಾರಿಯಲ್ಲಿ ಹೋಗುವ ಶಾಲೆ ಮಕ್ಕಳು ಟಾರ್ಪಾಲು ಎತ್ತಿ ನೋಡಿ ಹೋಗುತ್ತಿದ್ದರು.

ಆ 11 ದಿನದಲ್ಲಿ ನಾನು ಮಾಡಿದ ಲೆಕ್ಕವನ್ನು ಗಾಡಿ ಕೊಳ್ಳುವ ದಿನವೇ ಮಾಡಬೇಕಿತ್ತು. 19 ವರ್ಷ ಬಿಡಿಭಾಗ ಮಾರಿದವನಿಗೆ ಅಷ್ಟೂ ಹೊಳೆಯಲಿಲ್ಲ ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಲೆಕ್ಕ ಬಹಳ ಸುಲಭ. ಟೈರ್ ಮೇಲೆ 315/35 ಆರ್20 ಎಂದಿದ್ದರೆ ಅಗಲ 315 ಮಿಲಿಮೀಟರ್. ಟೈರಿನ ಬದಿ ಆ ಅಗಲದ ನೂರಕ್ಕೆ 35 ಪಾಲು, ಅಂದರೆ 110 ಮಿಲಿಮೀಟರ್. 20 ಎಂದರೆ ರಿಮ್‌ನ ಅಳತೆ, ಇಂಚಿನಲ್ಲಿ. ಕಲ್ಲಿಗೂ ರಿಮ್‌ಗೂ ನಡುವೆ ಇರುವ ಹಾಸಿಗೆ ಆ 110 ಮಿಲಿಮೀಟರ್ ಮಾತ್ರ. ಭಾರ ಬಿದ್ದಾಗ ಅದೂ ತಗ್ಗುತ್ತದೆ. ಎರಡು ಟನ್‌ಗಿಂತ ಜಾಸ್ತಿ ತೂಗುವ ಗಾಡಿ ಕಲ್ಲಿನ ಅಂಚಿಗೆ ಇಳಿದರೆ ಟೈರು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯೇ. ಮೇಲಿನಿಂದ ರಿಮ್, ಕೆಳಗಿನಿಂದ ಕಲ್ಲು.

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಗಾಳಿ ಎಷ್ಟು ಹಾಕಬೇಕು ಎಂದು ಬರೆದಿರುವುದು. ದಿನಕ್ಕೆ ನಾಲ್ಕು ಸಲ ಅದರ ಪಕ್ಕದಲ್ಲೇ ಹತ್ತಿ ಇಳಿಯುತ್ತೇವೆ, ಓದುವವರು ಯಾರು? ನಾನು ಅಂದು ಓದಿದೆ. ಅಲ್ಲಿ ಮೂರು ನಾಲ್ಕು ಅಳತೆ ಇತ್ತು. ಮೊದಲನೆಯ ಸಾಲಿನಲ್ಲೇ 255/55 ಆರ್18, ನಾಲ್ಕೂ ಚಕ್ರಕ್ಕೆ ಒಂದೇ ಅಳತೆ. ಕಂಪನಿಯೇ ಇದೇ ಮಾದರಿಗೆ ಒಪ್ಪಿದ ಚಕ್ರ. 255ರ ನೂರಕ್ಕೆ 55 ಎಂದರೆ 140 ಮಿಲಿಮೀಟರ್. ಹಾಸಿಗೆ ಮೊದಲಿಗಿಂತ ಮೂರು ಸೆಂಟಿಮೀಟರ್ ಹೆಚ್ಚು ದಪ್ಪ ಆಯಿತು. ಇಡೀ ಚಕ್ರದ ಎತ್ತರ ಕೂಡಿಸಿ ನೋಡಿದರೆ ಹಳೆಯದು 728, ಹೊಸದು 738. ಹತ್ತು ಮಿಲಿಮೀಟರ್ ವ್ಯತ್ಯಾಸ. ಸ್ಪೀಡೋಮೀಟರ್ ಹೆಚ್ಚು ಸುಳ್ಳು ಹೇಳುವುದಿಲ್ಲ, ಗೇರಿಗೂ ತೊಂದರೆ ಇಲ್ಲ.

ಇಲ್ಲೇ ಹೆಚ್ಚಿನವರು ತಪ್ಪು ತಿಳಿಯುವುದು. ಚಿಕ್ಕ ರಿಮ್ ಹಾಕಿದರೆ ಗಾಡಿ ತಗ್ಗುತ್ತದೆ ಎಂದುಕೊಳ್ಳುತ್ತಾರೆ. ರಿಮ್ ಚಿಕ್ಕದಾದಷ್ಟು ರಬ್ಬರ್ ಜಾಸ್ತಿ, ಚಕ್ರ ಅಷ್ಟೇ ದೊಡ್ಡದು. ಹಾಗೆಂದು ಗಾಡಿ ಆಕಾಶಕ್ಕೂ ಏರುವುದಿಲ್ಲ. ನನ್ನದು ಎದ್ದದ್ದು ಐದೇ ಮಿಲಿಮೀಟರ್. ಅಡಿಯಲ್ಲಿ ಮೊದಲೂ ಸುಮಾರು 20 ಸೆಂಟಿಮೀಟರ್ ಜಾಗ ಇತ್ತು, ಈಗಲೂ ಅಷ್ಟೇ. ಜೀಪು ದಾಟುವ ಕಲ್ಲೆಲ್ಲ ನಾನು ದಾಟಲಾರೆ.

ಎಲ್ಲ ಗಾಡಿಗೂ ಇದು ಆಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಇದೇ ಗಾಡಿಯ ಜಾಸ್ತಿ ಶಕ್ತಿಯ ಮಾದರಿಗಳಿಗೆ ಬ್ರೇಕ್ ದೊಡ್ಡದು. 18ರ ರಿಮ್ ಒಳಗೆ ಅದು ಕೂರುವುದಿಲ್ಲ, ಬ್ರೇಕ್ ಹಿಡಿಯುವ ಕ್ಯಾಲಿಪರ್‌ಗೆ ರಿಮ್ ಉಜ್ಜುತ್ತದೆ. ಬೋಲ್ಟ್ ತೂತುಗಳ ಅಂತರ, ನಡುವಿನ ತೂತಿನ ಅಳತೆ, ರಿಮ್ ಎಷ್ಟು ಒಳಗೆ ಎಷ್ಟು ಹೊರಗೆ ಕೂರಬೇಕು ಎಂಬ ಆಫ್‌ಸೆಟ್, ಮೂರೂ ಸರಿ ಬರಬೇಕು. ಕಡಿಮೆಗೆ ಸಿಗುತ್ತದೆಂದು ನಕಲಿ ಅಲಾಯ್ ಹಾಕಿಸಿದರೆ ಮುರಕಲ್ಲಿಗೆ ಅದು ಮಡಚುವುದೂ ಇಲ್ಲ, ಒಡೆದೇ ಹೋಗುತ್ತದೆ. ನಾನು ಹಳೆಯದಾದರೂ ಕಂಪನಿಯದ್ದೇ ಬೇಕೆಂದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿಸಿದೆ. ನಾಲ್ಕಲ್ಲ, ಐದು. ಐದನೆಯದು ಸ್ಟೆಪ್ನಿಗೆ. ಗೋಣಿಚೀಲ ಸುತ್ತಿಸಿಕೊಂಡು ಐದೂ ರಿಮ್ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಉಡುಪಿಗೆ ಬಂದು ಇಳಿದವು.

(ಸ್ಟೆಪ್ನಿ ಎಂದರೆ ನಮ್ಮದೇ ಪದ ಎನ್ನುವಷ್ಟು ಬಳಕೆಯಾಗಿದೆ. ಅದು ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಆ ಬೀದಿಯಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರು ಮಾಡಿದರು. ಅವರು ಆ ಹೆಸರು ಮರೆತಿದ್ದಾರೆ, ನಾವು ಇಟ್ಟುಕೊಂಡಿದ್ದೇವೆ. ಈಗ ಹೆಸರು ಮಾತ್ರ ಉಳಿದು ವಸ್ತು ಮಾಯವಾಗುವ ಕಾಲ.)

ಟೈರ್ ಆರಿಸುವಾಗ ಉಡುಪಿಯ ಅಂಗಡಿಯವರ ಜೊತೆ ಒಂದು ಗಂಟೆ ಚರ್ಚೆಯಾಯಿತು. "ಮಾರಾಯ್ರೆ, ಈ ಗಾಡಿಗೆ ಎಟಿ ಟೈರಾ? ಸೂಟು ಹಾಕಿ ಮುಟ್ಟಾಳೆ ಇಟ್ಟ ಹಾಗೆ ಕಾಣ್ತದೆ" ಎಂದರು ಅವರು. (ಮುಟ್ಟಾಳೆ ಎಂದರೆ ಅಡಿಕೆ ಹಾಳೆಯ ಟೊಪ್ಪಿ.) ಮುಟ್ಟಾಳೆ ಇಟ್ಟರೆ ತಲೆಗೆ ಒಳ್ಳೆಯದೇ ಅಲ್ವಾ ಎಂದೆ. ಎಟಿ ಎಂದರೆ ಆಲ್ ಟೆರೇನ್, ಡಾಂಬರಿಗೂ ಮಣ್ಣಿಗೂ ನಡುವಿನ ಟೈರ್. ಹಲ್ಲುಗಳ ನಡುವೆ ಜಾಗ ಜಾಸ್ತಿ. ಅಂಚಿನ ಹಲ್ಲುಗಳು ಬದಿಗೂ ಸ್ವಲ್ಪ ಇಳಿದು ಬಂದಿರುತ್ತವೆ. ಬದಿಯ ರಬ್ಬರ್ ದಪ್ಪ. ಪೂರ್ತಿ ಕೆಸರಿಗೆಂದೇ ಮಾಡಿದ ಎಂಟಿ ಟೈರ್ ಬೇರೆ ಇದೆ, ಅದು ಕಂಬಳದ ಗದ್ದೆಗಾದರೂ ಇಳಿದೀತು, ಆದರೆ ಡಾಂಬರಿನ ಮೇಲೆ ಅದರ ಗದ್ದಲ ಕೇಳಿ ಅಮ್ಮನಿಗೆ ನಿದ್ದೆ ಬರಲಿಕ್ಕಿಲ್ಲ.

ಟೈರ್ ಕೊಳ್ಳುವಾಗ ಹಲ್ಲನ್ನಷ್ಟೇ ನೋಡಿದರೆ ಸಾಲದು. ಅಳತೆಯ ಪಕ್ಕದಲ್ಲಿ ಒಂದು ಅಂಕಿ, ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಅಂಕಿ ಭಾರಕ್ಕೆ, ಅಕ್ಷರ ವೇಗಕ್ಕೆ. ನನ್ನದರಲ್ಲಿ 109 ಇದೆ, ಅಂದರೆ ಒಂದು ಟೈರ್ 1,030 ಕಿಲೋ ಹೊರಬಲ್ಲದು. ಅಕ್ಷರ ಟಿ, ಅಂದರೆ ಗಂಟೆಗೆ 190 ಕಿಲೋಮೀಟರ್‌ವರೆಗೆ. ಹಳೆಯ ಟೈರಿನದು 300ರ ಅಕ್ಷರ. ಹೆಬ್ರಿಯಿಂದ ಮಣಿಪಾಲಕ್ಕೆ ಅಮ್ಮನನ್ನು ಕೂರಿಸಿಕೊಂಡು 190ರಲ್ಲಿ ಹೋಗುವ ಯೋಚನೆ ನನಗಿಲ್ಲ. ಆದರೆ ಇದೇ ಗಾಡಿಯನ್ನು ನಿಜವಾಗಿ ವೇಗಕ್ಕೆ ಓಡಿಸುವವರು ಆ ಅಕ್ಷರ ಮರೆಯಬಾರದು.

ಅಂಗಡಿಯ ಹುಡುಗ ಚಕ್ರ ಹಾಕುವುದನ್ನು ನೋಡುತ್ತಾ ನಿಂತಿದ್ದೆ. ನಮ್ಮ ಮಾಮೂಲಿ ಜೀಪಿಗೆ ಸ್ಟಡ್ ಎಂಬ ತಿರುಪಿನ ಕಡ್ಡಿ ಹೊರಗೆ ಚಾಚಿರುತ್ತದೆ. ಚಕ್ರ ಅದಕ್ಕೆ ನೇತು ಹಾಕಿ ನಟ್ ತಿರುಗಿಸಿದರಾಯಿತು. ಇದರಲ್ಲಿ ಸ್ಟಡ್ ಇಲ್ಲ, ಹೊರಗಿನಿಂದ ಬೋಲ್ಟ್ ತೂರಿಸಬೇಕು. ಭಾರದ ಚಕ್ರವನ್ನು ಪಾದದ ಮೇಲೆ ಎತ್ತಿ ಹಿಡಿದು, ತೂತಿಗೆ ತೂತು ಕೂಡಿಸಿ, ಒಂದು ಬೋಲ್ಟ್ ಹಿಡಿಸುವಷ್ಟರಲ್ಲಿ ಹುಡುಗ ಬೆವರಿದ. "ಅಣ್ಣ, ಇದನ್ನು ರಾತ್ರಿ ಮಳೆಯಲ್ಲಿ ನೀವೊಬ್ಬರೇ ಹಾಕ್ಲಿಕ್ಕೆ ಆಗೂದಿಲ್ಲ" ಎಂದ. ಸರಿಯಾದ ಮಾತು. ಅಂದೇ ಅದೇ ದಪ್ಪದ ಬೋಲ್ಟಿನ ತಲೆ ಕತ್ತರಿಸಿ ಒಂದು ಕಡ್ಡಿ ಮಾಡಿಸಿಕೊಂಡೆ. ಮೊದಲು ಆ ಕಡ್ಡಿಯನ್ನು ಮೇಲಿನ ತೂತಿಗೆ ತಿರುಗಿಸಿ, ಚಕ್ರವನ್ನು ಅದಕ್ಕೆ ನೇತು ಹಾಕಿ, ಉಳಿದ ಬೋಲ್ಟ್ ಹಾಕಿದ ಮೇಲೆ ಕಡ್ಡಿ ತೆಗೆಯುವುದು. ಬೋಲ್ಟ್ ಬಿಚ್ಚುವ ವೀಲ್ ಸ್ಪ್ಯಾನರಿನ ಜೊತೆ ಈಗ ಅದೂ ಇರುತ್ತದೆ. ಗಾಳಿ ಕಡಿಮೆಯಾದರೆ ಎಚ್ಚರಿಸುವ ಸೆನ್ಸರ್‌ಗಳನ್ನೂ ಹಳೆಯ ರಿಮ್‌ನಿಂದ ತೆಗೆದು ಇದಕ್ಕೆ ಹಾಕಿಸಿದೆ, ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಆರುವುದೇ ಇಲ್ಲ.

ದುಡ್ಡು ಉಳಿಸಲೆಂದು ಎರಡೇ ಹಾಕಿಸಿ ಎಂದು ಅಲ್ಲಿ ಯಾರೋ ಸಲಹೆ ಕೊಟ್ಟರು. ಬೇಡ. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಗಾಡಿಯಲ್ಲಿ ಮುಂದಿನ ಚಕ್ರದ ಎತ್ತರ ಒಂದು, ಹಿಂದಿನದರ ಎತ್ತರ ಇನ್ನೊಂದು ಆಗಿ ತಿರುಗಿದರೆ ನಡುವಿನ ಟ್ರಾನ್ಸ್‌ಫರ್ ಕೇಸ್‌ನ ಕ್ಲಚ್ ಸುಮ್ನೆ ಉಜ್ಜಿಕೊಂಡೇ ಇರುತ್ತದೆ. ಟೈರಲ್ಲಿ ಉಳಿಸಿದ್ದಕ್ಕಿಂತ ಹತ್ತು ಪಾಲು ಅಲ್ಲಿ ಕೊಡಬೇಕು. ಹಾಗೆ ನೋಡಿದರೆ ಐದು ಟೈರಿನ ಲೆಕ್ಕವೂ ಭಯಪಡುವಷ್ಟು ಇರಲಿಲ್ಲ. ಹಿಂದಿನ ಅಗಲ ಟೈರ್ ಒಂದಕ್ಕೆ ಕೇಳಿದ ದುಡ್ಡಿನಲ್ಲಿ ಇದು ಎರಡು ಬಂತು.

ಮೊದಲ ಪರೀಕ್ಷೆ ಮರುದಿನವೇ. ಮಳೆ ಬಂದು ಜೇಡಿಯ ಏರು ಸಾಬೂನಿನ ಹಾಗಾಗಿತ್ತು. ತೋಡಿನ ಬದಿಯಲ್ಲಿ ನಿಲ್ಲಿಸಿ ಟೈರಿನ ಗಾಳಿಯ ಒತ್ತಡವನ್ನು 35 ಪಿಎಸ್‌ಐಯಿಂದ 22ಕ್ಕೆ ಇಳಿಸಿದೆ. ಕುವೈತ್‌ನಲ್ಲಿ ಮರಳಿಗೆ ಇಳಿಯುವ ಮುಂಚೆ ಗಾಳಿ ಬಿಡಬೇಕು ಎಂಬುದು ಮಕ್ಕಳಿಗೂ ಗೊತ್ತು. ಗಾಳಿ ಇಳಿದಾಗ ಟೈರ್ ನೆಲದ ಮೇಲೆ ಉದ್ದಕ್ಕೆ ಕೂರುತ್ತದೆ, ಕಲ್ಲು ಬಂದರೆ ಅದರ ಸುತ್ತ ಬಾಗುತ್ತದೆ. 20 ಇಂಚಿನಲ್ಲಿ ಈ ಕೆಲಸಕ್ಕೆ ಧೈರ್ಯವೇ ಬರುತ್ತಿರಲಿಲ್ಲ, ಗಾಳಿ ಇಳಿಸಿದರೆ ಉಳಿಯುವುದು ರಿಮ್ ಒಂದೇ.

ತೋಡಿನಲ್ಲಿ ನೀರು ಮೊಣಕಾಲಿನ ಕೆಳಗಿತ್ತು. ಮೊದಲು ನಾನೇ ಇಳಿದು ನಡೆದು ನೋಡಿದೆ. ಗಾಡಿಯ ಪುಸ್ತಕದಲ್ಲಿ 50 ಸೆಂಟಿಮೀಟರ್ ದಾಟಬೇಡಿ, ನಡೆಯುವ ವೇಗದಲ್ಲೇ ಹೋಗಿ ಎಂದು ಇದೆ. ದಾಟಿ ಏರಿಗೆ ಮೂತಿ ಇಟ್ಟೆ. ಜಾರುವುದನ್ನು ತಡೆಯುವ ಸ್ಟೆಬಿಲಿಟಿ ಕಂಟ್ರೋಲನ್ನು ಒಂದು ಹಂತ ಸಡಿಲ ಮಾಡಿದೆ, ಇಲ್ಲದಿದ್ದರೆ ಚಕ್ರ ಸ್ವಲ್ಪ ತಿರುಗಿದ ಕೂಡಲೇ ಅದು ಎಂಜಿನ್ನಿನ ಉಸಿರು ಹಿಡಿಯುತ್ತದೆ. ಅರ್ಧ ಏರಿನಲ್ಲಿ ಹಿಂಭಾಗ ರಬ್ಬರ್ ಮರದ ಕಡೆಗೆ ಒಂದು ಗೇಣು ಜಾರಿತು. ಕೈ ಬಿಗಿಯಾಯಿತು. ಆಕ್ಸಿಲರೇಟರ್ ಬಿಡಲಿಲ್ಲ, ಒತ್ತಲೂ ಇಲ್ಲ. ಟೈರಿನ ಹಲ್ಲು ತನ್ನ ಕೆಸರನ್ನು ತಾನೇ ಹಿಂದಕ್ಕೆ ಎಸೆದು ಕೆಳಗಿನ ಗಟ್ಟಿ ಮಣ್ಣು ಹುಡುಕುವುದು ಸ್ಟೀರಿಂಗಿನಲ್ಲೇ ಗೊತ್ತಾಗುತ್ತದೆ. ಹುಡುಕಿತು. ಗಾಡಿ ಎಮ್ಮೆಯ ಹಾಗೆ ಗಂಭೀರವಾಗಿ ಹತ್ತಿ ಅಂಗಳದಲ್ಲಿ ನಿಂತಿತು. ಹೆಂಡತಿ ಹೊರಗೆ ಬಂದು, "ಜೀಪು ಬಂತೂಂತ ಮಾಡಿದೆ" ಎಂದಳು. ಅದಕ್ಕಿಂತ ದೊಡ್ಡ ಮೆಚ್ಚುಗೆ ನಮ್ಮ ಮನೆಯಲ್ಲಿ ಇಲ್ಲ.

ಈಗ ಕಳಕೊಂಡದ್ದನ್ನೂ ಹೇಳಬೇಕು. ಮಳೆಗಾಲದ ಡಾಂಬರಿನ ಮೇಲೆ ಈ ಟೈರ್ ಹಳೆಯ ಟೈರಿನಷ್ಟು ಬೇಗ ನಿಲ್ಲುವುದಿಲ್ಲ. ಮೊದಲ ವಾರ ಹಿರಿಯಡ್ಕದ ಹತ್ತಿರ ಎದುರಿಗೆ ದನ ಬಂದಾಗ ಅದು ನನಗೆ ಚೆನ್ನಾಗಿ ಅರ್ಥವಾಯಿತು. ದನ ಆರಾಮಾಗಿ ಹೋಯಿತು, ನನ್ನ ಎದೆ ಮಾತ್ರ ಹೊಡೆದುಕೊಂಡಿತು. ಈಗ ಮುಂದಿನ ಗಾಡಿಯಿಂದ ಇನ್ನೊಂದು ಗಾಡಿಯಷ್ಟು ದೂರ ಜಾಸ್ತಿ ಬಿಡುತ್ತೇನೆ. 80 ದಾಟಿದರೆ ಜೇನುಹುಳ ಗುಂಯ್‌ಗುಟ್ಟುವ ಸದ್ದು. ಲೀಟರಿಗೆ ಹನ್ನೊಂದೂವರೆ ಕೊಡುತ್ತಿದ್ದ ಗಾಡಿ ಈಗ ಹತ್ತೂವರೆ ಕೊಡುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಸ್ವಲ್ಪ ಮೆತ್ತಗೆ, ಆಗುಂಬೆ ಘಾಟಿಯಲ್ಲಿ ಮೊದಲಿನ ಹುಮ್ಮಸ್ಸು ಇಲ್ಲ. ಗುಡ್ಡೆ ಇಳಿದು ಡಾಂಬರಿಗೆ ಬಂದ ಮೇಲೆ ಹಲ್ಲಿನ ನಡುವೆ ಸಿಕ್ಕಿದ ಜಲ್ಲಿ ಟಿಕ್ ಟಿಕ್ ಎನ್ನುತ್ತಾ ಬರುತ್ತದೆ, ಅರ್ಧ ಕಿಲೋಮೀಟರ್ ಹೋದ ಮೇಲೆ ಒಂದೊಂದೇ ಉದುರುತ್ತದೆ. ಅಮ್ಮ ಅದನ್ನು ಎಣಿಸುತ್ತಾರೆ. ಗಾಳಿ ಮತ್ತೆ 35ಕ್ಕೆ ತುಂಬಿಸಲು ಸಿಗರೇಟ್ ಲೈಟರ್‌ಗೆ ಚುಚ್ಚುವ ಪಂಪು ಇಟ್ಟಿದ್ದೇನೆ, ನಾಲ್ಕಕ್ಕೂ ಸೇರಿ ಇಪ್ಪತ್ತು ನಿಮಿಷ. ತುಂಬಿಸದೆ ಹೆದ್ದಾರಿಗೆ ಹೋಗಬಾರದು, ಟೈರ್ ಕಾದು ಹೋಗುತ್ತದೆ. ಸ್ಟೆಪ್ನಿಗೆ ಕೆಳಗೆ ಜಾಗವಿಲ್ಲದ ಕಾರಣ ಅದು ಡಿಕ್ಕಿಯಲ್ಲೇ ಬೆಲ್ಟು ಬಿಗಿಸಿಕೊಂಡು ಮಲಗಿರುತ್ತದೆ. ಹೊಸದು ರನ್‌ಫ್ಲ್ಯಾಟ್ ಅಲ್ಲದ್ದರಿಂದ ಅದು ಇರಲೇಬೇಕು. ಬೆಂಗಳೂರಿನಲ್ಲಿರುವ ಮಗ ಫೋಟೋ ನೋಡಿ, "ಅಪ್ಪ, ಗಾಡಿಗೆ ಹವಾಯಿ ಚಪ್ಪಲಿ ಹಾಕಿದ್ರಾ?" ಎಂದ. ಹಾಕಿದೆ. ಕೆಸರಿಗೆ ಯಾರು ಬೂಟು ಹಾಕ್ತಾರೆ?

ಪತ್ರ ಬರೆದ ಓದುಗರಿಗೆ ಒಂದು ಸಂಗತಿ ತಿಳಿಸಬೇಕು. ಪೋರ್ಷೆ ಎಂದರೆ ರೇಸಿನ ಕಾರಿನ ಕಂಪನಿ. ಅವರ ಮೊದಲ ಎಸ್‌ಯುವಿ ಕೇಯನ್ 2002ರಲ್ಲಿ ಬಂದಾಗಲೂ ಜನ ಹೀಗೇ ನಕ್ಕಿದ್ದರು. ಅದೇ ಕೇಯನ್ 2007ರಲ್ಲಿ ಮಾಸ್ಕೋದಿಂದ ಮಂಗೋಲಿಯಾದ ಉಲಾನ್‌ಬಾತರ್‌ವರೆಗಿನ ಟ್ರಾನ್ಸ್‌ಸೈಬೀರಿಯಾ ರ‍್ಯಾಲಿಯಲ್ಲಿ ಮೊದಲ ಮೂರು ಸ್ಥಾನವನ್ನೂ ತೆಗೆದುಕೊಂಡಿತು. ಸೈಬೀರಿಯಾದ ಕೆಸರು, ಗೋಬಿಯ ಮರಳು, ಎಲ್ಲ ದಾಟಿ. ಆ ಗಾಡಿಗಳಿಗೆ ಹಾಕಿದ್ದು ಶೋರೂಮಿನ ತೆಳು ಟೈರ್ ಅಲ್ಲ, ಎಟಿ ಟೈರ್. 1970ರ ಮೊದಲ ರೇಂಜ್ ರೋವರ್ ಬಂದದ್ದು 16 ಇಂಚಿನ ಚಕ್ರದಲ್ಲಿ. ಈಗಿನ ರೇಂಜ್ ರೋವರಿಗೆ 23 ಇಂಚಿನವರೆಗೂ ಸಿಗುತ್ತದೆ. ಈ 50 ವರ್ಷದಲ್ಲಿ ಮುರಕಲ್ಲು ಮೆತ್ತಗಾಗಿದೆಯಾ?

ನನ್ನ ಕೋರಿಕೆ ಇಷ್ಟೇ, ಅದು ಗಾಡಿ ಮಾರುವವರಿಗೆ. ಉಡುಪಿ, ಮಂಗಳೂರಿನವರು ಇಂಥ ಗಾಡಿ ಬುಕ್ ಮಾಡುವಾಗ ನಿಮ್ಮ ಮನೆಗೆ ದಾರಿ ಹೇಗಿದೆ ಎಂದು ಒಂದು ಮಾತು ಕೇಳಿ. ಸನ್‌ರೂಫು, ಸ್ಪೀಕರು, ಸೀಟಿನ ಹೊಲಿಗೆಯ ಬಣ್ಣ ಎಲ್ಲ ಕೇಳುತ್ತೀರಲ್ಲ. ಆ ಗಾಡಿಗೆ ಒಪ್ಪುವ ಅತಿ ಚಿಕ್ಕ ರಿಮ್ ಯಾವುದು ಎಂದು ಹೇಳಿ, ಬೇಕೆಂದವರಿಗೆ ಅದನ್ನೇ ಹಾಕಿ ಕೊಡಿ. ಈಗ ಕಡಿಮೆ ಬೆಲೆಯ ಮಾದರಿಗೆ ಮಾತ್ರ ಚಿಕ್ಕ ಚಕ್ರ, ಒಳ್ಳೆಯ ಸೀಟು ಬೇಕೆಂದರೆ ಜೊತೆಗೆ ದೊಡ್ಡ ಚಕ್ರವನ್ನೂ ಕಟ್ಟಿಕೊಳ್ಳಬೇಕು. ಸ್ಟೆಪ್ನಿಯೂ ಹಾಗೆಯೇ. ಗಾಳಿ ತೋರಿಸುವ ಸೆನ್ಸರ್, ಪಂಕ್ಚರ್ ಕಿಟ್ ಇದ್ದರೆ ಟ್ಯೂಬ್‌ಲೆಸ್ ಟೈರಿನ ಕಾರಿಗೆ ಸ್ಟೆಪ್ನಿ ಬೇಡ ಎಂದು 2020ರಲ್ಲಿ ಕೇಂದ್ರ ಸರಕಾರ ನಿಯಮ ಸಡಿಲಿಸಿತು. ಆ ಕಿಟ್‌ನ ಅಂಟು ಆಣಿ ತೂತಿಗೆ ಸರಿ. ನಾಲ್ಕು ಬೆರಳಗಲ ಹರಿದ ಬದಿಗೆ ಅದನ್ನು ಸುರಿದರೆ ಗುಡ್ಡೆಯ ಇರುವೆಗಳಿಗೆ ಪಾಯಸ ಅಷ್ಟೇ. ಬೇಡದವರಿಗೆ ಬೇಡ, ಬೇಕೆಂದವರಿಗೆ ದುಡ್ಡು ತೆಗೆದುಕೊಂಡಾದರೂ ಕೊಡಬಹುದಲ್ಲ.

ಇನ್ನು ಚಿತ್ರದಲ್ಲಿದ್ದ ಗಾಡಿಯವರ ಬಗ್ಗೆ. ಅವರ ಟೈರಿಗೆ ನಾನು ಮರುಗಿದೆ ನಿಜ, ಅವರು ಹೋದ ಜಾಗಕ್ಕಲ್ಲ. ಅಲ್ಲಿಗೆ ಗಾಡಿ ಇಳಿಸಿದ್ದಕ್ಕೆ ಯಾರಾದರೂ ಸಿಟ್ಟಾದರೆ ಅದು ಸರಿ. ನಮ್ಮ ಕಡಲ ತೀರದಲ್ಲಿ, ಕುಂದಾಪುರದ ಕೋಡಿಯಲ್ಲಿ, ಮಂಗಳೂರಿನ ಹತ್ತಿರದ ಸಸಿಹಿತ್ಲುವಿನಲ್ಲಿ, ಆಲಿವ್ ರಿಡ್ಲಿ ಆಮೆಗಳು ಮರಳಲ್ಲಿ ಮೊಟ್ಟೆ ಇಡುತ್ತವೆ. ಮೀನುಗಾರರು ರಾತ್ರಿ ಕಾದು ಆ ಗೂಡುಗಳನ್ನು ಉಳಿಸುತ್ತಾರೆ. ಎರಡು ಟನ್ ಗಾಡಿಗೆ ಮರಳೊಳಗಿನ ಮೊಟ್ಟೆ ಕಾಣುವುದಿಲ್ಲ, ಎಟಿ ಟೈರ್ ಹಾಕಿದರೂ ಕಾಣುವುದಿಲ್ಲ. ಸೋಮೇಶ್ವರದ ಅಭಯಾರಣ್ಯ, ಕುದುರೆಮುಖದ ರಾಷ್ಟ್ರೀಯ ಉದ್ಯಾನದ ಹುಲ್ಲುಗುಡ್ಡೆ, ಇವೂ ಆಟದ ಬಯಲಲ್ಲ. ಟೈರ್ ಬದಲಿಸಿದ ಮೇಲೆ ನನಗೂ ನಾಲ್ಕೈದು ಮಂದಿ ಫೋನ್ ಮಾಡಿ, ಭಾನುವಾರ ಹೊಳೆಗೆ ಇಳಿಸುವ ಬನ್ನಿ ಎಂದು ಕರೆದರು. ಬರುವುದಿಲ್ಲ ಎಂದೆ. ಕೆಸರು ನೋಡಬೇಕಾದರೆ ನಮ್ಮ ಏರಿಗೆ ಬನ್ನಿ, ಚಾ ಕೊಡುತ್ತೇನೆ. ಇಬ್ಬರು ಬಂದರು. ಒಬ್ಬರ ಗಾಡಿ ತೋಡಿನ ಈಚೆಗೇ ನಿಂತಿತು. 21 ಇಂಚು, ಚಕಚಕ ಹೊಳೆಯುತ್ತಿತ್ತು. ಅವರು ಪ್ಯಾಂಟು ಮಡಚಿ ನಡೆದೇ ಬಂದು ಗೋಳಿಬಜೆ ತಿಂದು ಹೋದರು.

ಈ ದಾರಿಗೂ ಕಾಂಕ್ರೀಟು ಬರುತ್ತದೆ ಎಂದು ಪಂಚಾಯತ್‌ನವರು ಹೇಳುತ್ತಿದ್ದಾರೆ. ಬಂದರೆ ಹಳೆಯ 20 ಇಂಚಿನ ಚಕ್ರ ಮತ್ತೆ ಹಾಕಬಹುದು ಎಂದು ಮಗನ ಆಸೆ. ಮೂರು ಚಕ್ರ ಹಟ್ಟಿಯ ಅಟ್ಟದಲ್ಲಿ ಗೋಣಿ ಸುತ್ತಿ ಇಟ್ಟಿದ್ದೇನೆ. ನಾಲ್ಕನೆಯದು ಆ ಮಡಚಿದ ರಿಮ್. ಗುಜರಿಗೆ ಕೊಡೋಣವೆಂದು ಹಟ್ಟಿಯ ಮೂಲೆಯಲ್ಲಿ ಬೋರಲು ಹಾಕಿದ್ದೆ. ಮೊನ್ನೆ ಗುಜರಿಯವ ಬಂದಾಗ ಎತ್ತಲು ಹೋದರೆ ಅದರ ಹೊಟ್ಟೆಯೊಳಗೆ ಒಣಹುಲ್ಲು ಹಾಸಿಕೊಂಡು ಹೇಂಟೆ ಕಾವು ಕೂತಿದೆ. ಒಂಬತ್ತು ಮೊಟ್ಟೆ. 21 ದಿನ ಕಳೆಯದೆ ಅದನ್ನು ಮುಟ್ಟಬಾರದು ಎಂದು ಅಮ್ಮನ ಅಪ್ಪಣೆ. ಗುಜರಿಯವನಿಗೆ ಮುಂದಿನ ತಿಂಗಳು ಬರಲು ಹೇಳಿದ್ದೇನೆ.

ಇತಿ,
ಹೆಬ್ರಿ ಸಮೀಪದ ಒಬ್ಬ ಅಡಿಕೆ ಕೃಷಿಕ,
ಉಡುಪಿ ಜಿಲ್ಲೆ